ಅರಳುಮರಳಿನ ಒಳಗೆ

ಅರವತ್ತು ದಾಟಿದವರು ಆಡಿದ ಮಾತನ್ನೇ ಮತ್ತೊಮ್ಮೆ ಆಡಿದರೆ ಸಾಕು, ನಮ್ಮ ಮನೆಗಳಲ್ಲಿ ಎಳೆಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಮುಸಿನಗುತ್ತಾರೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ತಾನಾಗಿಯೇ ನಾಲಗೆಗೆ ಬರುತ್ತದೆ. ಕನ್ನಡದ ಜೋಡುನುಡಿಗಳಲ್ಲಿ ಇಷ್ಟು ಸೊಗಸಾದುದು ವಿರಳವೆಂದೇ ಹೇಳಬೇಕು. ಬೇಂದ್ರೆಯವರು ತಮಗೆ ಅರವತ್ತು ತುಂಬಿದ ಸುಮಾರಿನಲ್ಲಿ ಹೊರತಂದ ಕವನಸಂಪುಟಕ್ಕೆ ಈ ಹೆಸರನ್ನೇ ಇಟ್ಟರು. ಒಮ್ಮೆ ಅರಳಿದ್ದು ಮರಳಿ ಅರಳುತ್ತದೆ ಎಂಬ ಧ್ವನಿ ಅದರಲ್ಲಿ ಹೊಳೆಯಿತು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ಕವಿಯ ಕೈಯಲ್ಲಿ ಹೂವಾದ ಈ ಮಾತು ಮನೆಯ ಹಜಾರದಲ್ಲಿ ಮಾತ್ರ ಮುಚ್ಚಳವಾಗಿಯೇ ಉಳಿದಿದೆ. ಮುಚ್ಚಳ ಹಾಕಿದ ಮೇಲೆ ಪಾತ್ರೆಯೊಳಗೆ ಏನಿದೆಯೆಂದು ನೋಡುವವರಾರು? ನನ್ನ ಸೋದರಮಾವನ ವಿಷಯದಲ್ಲಿ ಹಾಗೆಯೇ ಆಯಿತು. ಆ ಕಥೆ ಅದರ ಜಾಗದಲ್ಲಿ ಬರಲಿ.

ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಚ್ಚಿಟ್ಟವರು ನಾವು ಮಾತ್ರವಲ್ಲ. ಯೂರೋಪಿನ ವೈದ್ಯರೂ ಬಹುಕಾಲ ಹಾಗೆಯೇ ಮಾಡಿದರು. ಅವರ ಮಾತು ಡಿಮೆನ್ಷಿಯಾ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಮನಸ್ಸಿನಿಂದ ದೂರವಾದ ಸ್ಥಿತಿ’ ಎಂದು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಪ್ಯಾರಿಸ್ಸಿನ ಎಸ್ಕಿರೋಲ್ ಎಂಬ ವೈದ್ಯರು ಒಂದು ಮುಖ್ಯವಾದ ಗೆರೆಯನ್ನು ಎಳೆದರು: ಹುಟ್ಟಿನಿಂದಲೇ ಬುದ್ಧಿ ಬೆಳೆಯದಿರುವುದು ಬೇರೆ, ಬೆಳೆದ ಬುದ್ಧಿ ಆಮೇಲೆ ಕಳೆದುಹೋಗುವುದು ಬೇರೆ. ಇಷ್ಟು ಸರಳವಾದ ಸಂಗತಿಯೂ ಯಾರೋ ಒಬ್ಬರು ಬರೆದಿಡುವ ತನಕ ಸಂಗತಿಯಾಗಿರಲಿಲ್ಲ. ನಮ್ಮಲ್ಲಿ ಕೆಲವರು ಇಂದಿಗೂ ಡಿಮೆನ್ಷಿಯಾವನ್ನು ‘ಬುದ್ಧಿಮಾಂದ್ಯ’ ಎಂದು ಕನ್ನಡಿಸುವುದುಂಟು. ಸುಮಾರು ಇನ್ನೂರು ವರ್ಷಗಳ ಹಿಂದೆ ಎಳೆದ ಗೆರೆಯನ್ನು ಒಂದು ಅನುವಾದ ಅಳಿಸಿಹಾಕುತ್ತದೆ. ‘ಮರೆಗುಳಿತನ’ ಎನ್ನುವುದೂ ಸಾಲದು. ಏಕೆಂದರೆ ಮುಂದೆ ನೋಡುವಂತೆ, ಮರೆವೇ ಇಲ್ಲದೆ ಮೊದಲಾಗುವ ಡಿಮೆನ್ಷಿಯಾಗಳೂ ಇವೆ. ಆದುದರಿಂದ ಹೊರಗಿನ ಮಾತನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ.

ಈ ದೊಡ್ಡ ಗಂಟಿನಿಂದ ಮೊಟ್ಟಮೊದಲು ಬಿಡಿಸಿ ತೆಗೆದ ಎಳೆ ಫರಂಗಿರೋಗದ್ದು. 1822ರಲ್ಲಿ ಬೈಲ್ ಎಂಬ ತರುಣ ಫ್ರೆಂಚ್ ವೈದ್ಯರು, ಹುಚ್ಚಾಸ್ಪತ್ರೆಯಲ್ಲಿ ಬುದ್ಧಿಗೆಟ್ಟು ಮೈಯೂ ಸೋತು ಸಾಯುವ ಒಂದು ವರ್ಗದ ರೋಗಿಗಳ ಮೆದುಳಿನ ಪೊರೆಗಳಲ್ಲಿ ಉರಿಯೂತದ ಗುರುತುಗಳನ್ನು ಕಂಡರು. ಅದು ಫರಂಗಿರೋಗದ ಕೊನೆಯ ಘಟ್ಟವೆಂಬುದು ಸಂಶಯಕ್ಕೆಡೆಯಿಲ್ಲದಂತೆ ತಿಳಿದದ್ದು 1913ರಲ್ಲಿ, ನೊಗುಚಿ ಮತ್ತು ಮೂರ್ ಎಂಬುವರು ಆ ರೋಗಾಣುವನ್ನು ಮೆದುಳಿನಲ್ಲಿಯೇ ತೋರಿಸಿಕೊಟ್ಟಾಗ. ಪೆನಿಸಿಲಿನ್ ಬಂದ ಮೇಲೆ ಆ ರೋಗಿಗಳು ಆಸ್ಪತ್ರೆಗಳಿಂದ ಬಹುಮಟ್ಟಿಗೆ ಮಾಯವಾದರು. ಬೇರ್ಪಡಿಸಿ ಹೆಸರಿಟ್ಟದ್ದರಿಂದಲೇ ಅದಕ್ಕೆ ಔಷಧ ಹುಡುಕಲು ಸಾಧ್ಯವಾಯಿತು. ‘ಬುದ್ಧಿಗೆಟ್ಟವನು’ ಎಂಬ ಹೆಸರಿಗೆ ಔಷಧವಿಲ್ಲ.

ಇಪ್ಪತ್ತನೆಯ ಶತಮಾನ ಕಾಲಿಡುತ್ತಿದ್ದಾಗ ಜರ್ಮನಿಯ ಯಾವುದೇ ಹುಚ್ಚಾಸ್ಪತ್ರೆಯಲ್ಲಿ ವೈದ್ಯರ ಮೊದಲ ಪ್ರಶ್ನೆ ಇದೇ ಆಗಿದ್ದಿತು: ಇದು ಫರಂಗಿರೋಗವೋ, ಅಲ್ಲವೋ? ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ 1888ರಿಂದ ಕೆಲಸಕ್ಕಿದ್ದ ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯರು ತಮ್ಮ ಪ್ರೌಢಪ್ರಬಂಧವನ್ನು ಬರೆದದ್ದೂ ಅದನ್ನು ಗುರುತಿಸುವ ಬಗೆಯನ್ನು ಕುರಿತೇ. ಹಗಲೆಲ್ಲ ರೋಗಿಗಳು, ರಾತ್ರಿ ಸೂಕ್ಷ್ಮದರ್ಶಕ: ಹೀಗೆ ಬದುಕಿದವರು ಅವರು. 1901ರ ನವೆಂಬರ್ 25ರಂದು ಅವರ ಆಸ್ಪತ್ರೆಗೆ ಒಬ್ಬ ರೈಲ್ವೆ ಗುಮಾಸ್ತ ತನ್ನ ಹೆಂಡತಿಯನ್ನು ಕರೆತಂದ. ಆಕೆಯ ಹೆಸರು ಆಗುಸ್ಟೆ, ವಯಸ್ಸು 51. ಮೊದಲು ಗಂಡನ ನಡತೆಯ ಮೇಲೆ ಅನುಮಾನ ಹುಟ್ಟಿತಂತೆ. ಆಮೇಲೆ ಅಡಿಗೆಯಲ್ಲಿ ತಪ್ಪುಗಳು. ಇಟ್ಟ ವಸ್ತುವನ್ನು ಬಚ್ಚಿಡುವುದು, ಬಚ್ಚಿಟ್ಟದ್ದನ್ನು ಮರೆಯುವುದು. ಮನೆಯಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವುದು. ಮಾರನೆಯ ದಿನ ಆಲ್ಜೈಮರ್ ಆಕೆಯೆದುರು ಕುಳಿತು, ತಾವು ಕೇಳಿದ್ದನ್ನೂ ಆಕೆ ಹೇಳಿದ್ದನ್ನೂ ಒಂದಕ್ಷರ ಬಿಡದೆ ಬರೆದುಕೊಂಡರು.

ನಿನ್ನ ಹೆಸರೇನು? ಆಗುಸ್ಟೆ. ಮನೆತನದ ಹೆಸರು? ಆಗುಸ್ಟೆ. ನಿನ್ನ ಗಂಡನ ಹೆಸರು? ‘ಆಗುಸ್ಟೆ ಇರಬೇಕು.’ ಗಂಡನ ಹೆಸರು ಕೇಳಿದೆ. ‘ಓ, ಗಂಡನದೇ!’ ಪೆನ್ಸಿಲು, ಲೇಖನಿ, ಕೀಲಿಕೈ, ಹಣದ ಚೀಲ, ಚುಟ್ಟಾ, ಇವನ್ನು ತೋರಿಸಿದರೆ ಎಲ್ಲಕ್ಕೂ ಸರಿಯಾದ ಹೆಸರು ಹೇಳುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಏನೇನು ತೋರಿಸಿದೆನೆಂದು ಕೇಳಿದರೆ ತಿಳಿಯದು. ಮಧ್ಯಾಹ್ನ ಊಟಕ್ಕೆ ಹೂಕೋಸು, ಹಂದಿಮಾಂಸ. ಏನು ತಿನ್ನುತ್ತಿದ್ದೀಯೆಂದರೆ ಪಾಲಕ್ ಸೊಪ್ಪು ಎನ್ನುತ್ತಾಳೆ. 5 ಎಂಬ ಅಂಕೆಯನ್ನು ಬರೆಯೆಂದರೆ ಬೇರೇನೋ ಬರೆಯುತ್ತಾಳೆ. ಹೀಗೆ ಬರೆಯಹೋಗಿ ತಡವರಿಸುತ್ತಿದ್ದಾಗ ಆಕೆಯ ಬಾಯಿಂದ ಬಂದ ಮಾತನ್ನೂ ಅವರು ಗುರುತುಹಾಕಿಕೊಂಡಿದ್ದಾರೆ: ನನ್ನನ್ನು ನಾನೇ ಕಳೆದುಕೊಂಡಂತಾಗಿದೆ ಎಂದು.

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಪುಟಗಳು ಬೇರೊಂದು ಕಾರಣಕ್ಕೂ ಹಿಡಿಸುತ್ತವೆ. ಇದಕ್ಕೆ ಹಿಂದೆ ಹುಚ್ಚಾಸ್ಪತ್ರೆಯ ಕಡತಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ವೈದ್ಯರ ಮಾತು: ‘ರೋಗಿ ಗೊಂದಲದಲ್ಲಿದ್ದಾಳೆ’, ‘ಕೂಗಾಡುತ್ತಾಳೆ’. ಇಲ್ಲಿ ರೋಗಿಯ ಮಾತು ಇದೆ. ಗೊಂದಲವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸದೆ, ಯಾವುದು ಹೋಗಿದೆ, ಯಾವುದು ಉಳಿದಿದೆ ಎಂದು ಒಂದೊಂದನ್ನೇ ಮುಟ್ಟಿ ನೋಡಿದ ಕ್ರಮ ಇದೆ. ವಸ್ತುವಿನ ಹೆಸರು ಉಳಿದಿದೆ. ಅದನ್ನು ಈಗತಾನೇ ಕಂಡೆನೆಂಬ ನೆನಪು ಉಳಿದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ಕಂಡದ್ದೇ ರೋಗನಿರ್ಣಯದ ಮೊದಲ ಹೆಜ್ಜೆ.

ಆಗುಸ್ಟೆ 1906ರ ಏಪ್ರಿಲ್ 8ರಂದು ತೀರಿಕೊಂಡಳು. ಅಷ್ಟರಲ್ಲಿ ಆಲ್ಜೈಮರ್ ಮ್ಯೂನಿಕ್ಕಿನಲ್ಲಿದ್ದರು. ಕಡತವೂ ಮೆದುಳೂ ಅಲ್ಲಿಗೆ ಹೋದವು. ಬೀಲ್‌ಷೋವ್‌ಸ್ಕಿ ಎಂಬುವರು ಆಗ್ಗೆ ಕೆಲವೇ ವರ್ಷಗಳ ಹಿಂದೆ ಕಂಡುಹಿಡಿದಿದ್ದ ಬೆಳ್ಳಿಯ ಲವಣದ ಬಣ್ಣದಿಂದ ಮೆದುಳಿನ ತೆಳುಹಾಳೆಗಳನ್ನು ಅದ್ದಿ ನೋಡಿದಾಗ ಎರಡು ಸಂಗತಿ ಕಂಡವು. ಜೀವಕೋಶಗಳ ನಡುವೆ ಕಿರುಗಾಳುಗಳಂತೆ ಚೆಲ್ಲಿದ ಗಟ್ಟಿಯಾದ ಮಚ್ಚೆಗಳು ಒಂದು. ಕೋಶಗಳ ಒಳಗೆ ಸಿಕ್ಕುಗಟ್ಟಿದ ನೂಲಿನಂಥ ಎಳೆಗಳು ಇನ್ನೊಂದು. ಮಚ್ಚೆಗಳನ್ನು ಮುದುಕರ ಮೆದುಳಿನಲ್ಲಿ ಹಿಂದೆ ಕಂಡವರಿದ್ದರು. ಸಿಕ್ಕು ಹೊಸದು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್ನಿನಲ್ಲಿ ಸೇರಿದ ಮನೋವೈದ್ಯರ ಸಭೆಯಲ್ಲಿ ಇದನ್ನು ವರದಿ ಮಾಡಿದಾಗ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರಬಂಧ ಓದಿದವರಿಗೆಲ್ಲ ಆ ಮೌನದ ಪರಿಚಯ ಇದ್ದೇ ಇರುತ್ತದೆ.

ನಾಲ್ಕು ವರ್ಷಗಳ ಮೇಲೆ, 1910ರಲ್ಲಿ, ಮ್ಯೂನಿಕ್ಕಿನ ಹಿರಿಯ ಕ್ರೇಪಲಿನ್ ತಮ್ಮ ಪಠ್ಯಪುಸ್ತಕದ ಎಂಟನೆಯ ಮುದ್ರಣದಲ್ಲಿ ಇದನ್ನು ‘ಆಲ್ಜೈಮರನ ರೋಗ’ ಎಂದು ಕರೆದುಬಿಟ್ಟರು. ಕೈಯಲ್ಲಿದ್ದುದು ಬೆರಳೆಣಿಕೆಯ ರೋಗಿಗಳು. ಇಷ್ಟು ಆತುರವೇಕೆಂಬುದು ಇಂದಿಗೂ ಚರ್ಚೆಯ ವಿಷಯ. ಪ್ರಾಗಿನ ವೈದ್ಯರೊಡನೆ ಸ್ಪರ್ಧೆಯಿದ್ದಿತು ಎಂದು ಕೆಲವರು ಹೇಳುತ್ತಾರೆ. ಅದು ಪೂರ್ತಿ ಸುಳ್ಳಾಗಿರಲಾರದು. ಏಕೆಂದರೆ 1907ರಲ್ಲಿಯೇ ಪ್ರಾಗಿನ ಆಸ್ಕರ್ ಫಿಷರ್ ಎಂಬುವರು ಮರೆಗುಳಿಗಳಾಗಿ ಸತ್ತ 16 ಮಂದಿ ವೃದ್ಧರ ಮೆದುಳುಗಳನ್ನು ಪರೀಕ್ಷಿಸಿ, 12ರಲ್ಲಿ ಅದೇ ಮಚ್ಚೆಗಳನ್ನು ವರ್ಣಿಸಿದ್ದರು. ಅವರ ಹೆಸರು ಯಾವ ರೋಗಕ್ಕೂ ಅಂಟಲಿಲ್ಲ. ಯೆಹೂದಿಯಾಗಿದ್ದ ಫಿಷರ್ 1942ರಲ್ಲಿ ತೆರೆಜಿನ್ನಿನ ನಾಜಿ ಸೆರೆಮನೆಯಲ್ಲಿ ಸತ್ತರು.

ಹೆಸರಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಅದರೊಡನೆ ಒಂದು ಬೇಲಿಯೂ ಬಂದಿತು. ಆಗುಸ್ಟೆ ಐವತ್ತರ ಆಚೀಚಿನವಳಾದ್ದರಿಂದ ಇದು ಮುಪ್ಪಿಗೆ ಮೊದಲು ಬರುವ ಅಪರೂಪದ ರೋಗವೆಂದು ಎಣಿಸಲಾಯಿತು. ಅರವತ್ತೈದರ ಈಚೆಗೆ ಬಂದರೆ ರೋಗ, ಆಚೆಗೆ ಬಂದರೆ ವಯಸ್ಸು! ಎಪ್ಪತ್ತೈದರ ಅಜ್ಜಿಗೆ ಅದೇ ಲಕ್ಷಣಗಳಿದ್ದರೂ, ಆಕೆಯ ಮೆದುಳಿನಲ್ಲಿ ಅದೇ ಮಚ್ಚೆಗಳೂ ಅದೇ ಸಿಕ್ಕೂ ಇದ್ದರೂ, ಆಕೆಗೆ ‘ಮುದಿತನ’ವೆಂದೇ ಹೆಸರು. ಮುದಿತನಕ್ಕೆ ಕಾರಣ ಕೇಳಿದರೆ ರಕ್ತನಾಳಗಳು ಗಡುಸಾಗಿವೆ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಶ್ಚಿಮದ ವೈದ್ಯಲೋಕ ಈ ಬೇಲಿಯ ಮೇಲೆಯೇ ಕುಳಿತಿದ್ದಿತು. ಅವರ ‘ನಾಳ ಗಡುಸು’ ನಮ್ಮ ‘ಅರಳುಮರಳಿ’ಗಿಂತ ಹೆಚ್ಚು ಶಾಸ್ತ್ರೀಯವಾಗಿ ಕೇಳಿಸುತ್ತಿತ್ತು, ಅಷ್ಟೆ.

ಬೇಲಿಯನ್ನು ಕಿತ್ತವರು ಇಂಗ್ಲೆಂಡಿನವರು. ಮಾರ್ಟಿನ್ ರಾತ್ ಎಂಬ ಮನೋವೈದ್ಯರು 1955ರಲ್ಲಿ ಬಹಳ ಸರಳವಾದ ಒಂದು ಕೆಲಸ ಮಾಡಿದರು. ಆಸ್ಪತ್ರೆಗೆ ಸೇರಿದ ವೃದ್ಧರನ್ನು ಲಕ್ಷಣಗಳಿಗೆ ತಕ್ಕಂತೆ ಗುಂಪುಮಾಡಿ, ಆರು ತಿಂಗಳ ಮೇಲೆ ಮತ್ತು ಎರಡು ವರ್ಷಗಳ ಮೇಲೆ ಯಾರು ಎಲ್ಲಿದ್ದಾರೆಂದು ಲೆಕ್ಕಹಾಕಿದರು. ಖಿನ್ನತೆಯಿಂದ ಮಂಕಾಗಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರು ತಿಂಗಳಲ್ಲಿ ಮನೆಗೆ ಹೋಗಿದ್ದರು. ನಿಜವಾದ ಮುದಿ ಡಿಮೆನ್ಷಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಷ್ಟರಲ್ಲಿ ಸತ್ತಿದ್ದರು. ಹೊರಗಿನಿಂದ ನೋಡಿದರೆ ಎರಡು ಗುಂಪಿನವರೂ ಒಂದೇ: ಮಾತಿಲ್ಲ, ಊಟದಲ್ಲಿ ಮನಸ್ಸಿಲ್ಲ, ಕೇಳಿದ್ದಕ್ಕೆ ‘ಗೊತ್ತಿಲ್ಲ’ ಎಂಬ ಉತ್ತರ. ಒಬ್ಬರಿಗೆ ಮನೆಗೆ ದಾರಿಯಿದ್ದಿತು. ಆ ದಾರಿ ಕಾಣದೆ ಅದಕ್ಕೆ ಹಿಂದಿನ ಕಾಲದಲ್ಲಿ ಎಷ್ಟು ಮಂದಿ ಮುದಿತನದ ಕೋಣೆಯಲ್ಲೇ ಕೊಳೆತರೋ ಲೆಕ್ಕವಿಟ್ಟವರಿಲ್ಲ.

ಅದೇ ರಾತ್ ನ್ಯೂಕಾಸಲ್ಲಿಗೆ ಹೋದ ಮೇಲೆ ಬ್ಲೆಸೆಡ್ ಮತ್ತು ಟಾಮ್ಲಿನ್‌ಸನ್ ಎಂಬುವರೊಡನೆ ಸೇರಿ ಇನ್ನೊಂದು ಕೆಲಸಕ್ಕೆ ಕೈಹಾಕಿದರು. ವೃದ್ಧರು ಬದುಕಿರುವಾಗ ಅವರ ನೆನಪನ್ನೂ ದಿನನಿತ್ಯದ ಕೆಲಸದ ಶಕ್ತಿಯನ್ನೂ ಅಂಕಗಳಲ್ಲಿ ಅಳೆಯುವುದು. ಸತ್ತ ಮೇಲೆ ಮೆದುಳಿನ ಮಚ್ಚೆಗಳನ್ನು ಎಣಿಸುವುದು. ಎರಡನ್ನೂ ಎದುರುಬದುರಾಗಿಟ್ಟು ನೋಡುವುದು. ತಿಂಗಳುಗಳ ಹೆಸರನ್ನು ಹಿಂದುಮುಂದಾಗಿ ಹೇಳಿ, ಮಹಾಯುದ್ಧ ಯಾವ ವರ್ಷ ನಡೆಯಿತು, ಈಗ ಪಟ್ಟದಲ್ಲಿರುವವರು ಯಾರು, ಈ ವಿಳಾಸವನ್ನು ಐದು ನಿಮಿಷ ನೆನಪಿಡಿ, ಈ ತರಹದ ಪ್ರಶ್ನೆಗಳು. 1968ರಲ್ಲಿ ಫಲಿತಾಂಶ ಪ್ರಕಟವಾಯಿತು: ಮಚ್ಚೆ ಹೆಚ್ಚಿದಂತೆ ಬುದ್ಧಿ ಕುಗ್ಗಿದೆ. ಮುದಿತನವೆಂದು ಕರೆಸಿಕೊಂಡದ್ದರ ಬಹುಭಾಗ ನಾಳಗಳಿಂದ ಬಂದದ್ದಲ್ಲ, ಆಗುಸ್ಟೆಯ ರೋಗವೇ. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಸ್‌ಮನ್ ಒಂದು ಚಿಕ್ಕ ಸಂಪಾದಕೀಯದಲ್ಲಿ ಇದನ್ನು ಸಾರಿ ಹೇಳಿದರು. ವಯಸ್ಸಿನ ಗೆರೆಯನ್ನು ಒರಸಿದ ಕೂಡಲೇ ಅಪರೂಪದ ಕಾಯಿಲೆಯೊಂದು ದೇಶದ ಅತಿ ಮುಖ್ಯ ಮೃತ್ಯುಕಾರಣಗಳ ಸಾಲಿಗೆ ಬಂದು ನಿಂತಿತು. ಒಂದೇ ಒಂದು ಹೊಸ ರೋಗಾಣುವೂ ಹುಟ್ಟಿರಲಿಲ್ಲ. ಹೆಸರಿನ ವ್ಯಾಪ್ತಿ ಬದಲಾಗಿದ್ದಿತು.

ಹಾಗಾದರೆ ರಕ್ತನಾಳದ ಮಾತು ಪೂರ್ತಿ ಸುಳ್ಳೇ? ಅಲ್ಲ. 1974ರಲ್ಲಿ ಹಾಚಿನ್‌ಸ್ಕಿ ಎಂಬುವರು ತಮ್ಮ ಸಹೋದ್ಯೋಗಿಗಳೊಡನೆ ಅದಕ್ಕೆ ಸರಿಯಾದ ಜಾಗ ತೋರಿಸಿದರು. ನಾಳ ಗಡುಸಾಗಿ ಮೆದುಳು ಮೆಲ್ಲಗೆ ಉಪವಾಸ ಬೀಳುವುದಲ್ಲ. ಸಣ್ಣ ಸಣ್ಣ ಲಕ್ವಗಳು ಅಲ್ಲಲ್ಲಿ ಒಂದಿಷ್ಟು ಮೆದುಳನ್ನು ಸಾಯಿಸುತ್ತ ಬರುವುದು. ಆದುದರಿಂದ ಅದರ ನಡಿಗೆಯೇ ಬೇರೆ. ಆಲ್ಜೈಮರ್ ರೋಗ ಇಳಿಜಾರಿನಲ್ಲಿ ಜಾರಿದಂತೆ ಬರುತ್ತದೆ, ಯಾವಾಗ ಮೊದಲಾಯಿತೆಂದು ಮನೆಯವರು ಹೇಳಲಾರರು. ಇದು ಮೆಟ್ಟಿಲಿಳಿದಂತೆ: ‘ದೀಪಾವಳಿಯ ತನಕ ಚೆನ್ನಾಗಿದ್ದರು, ಒಂದು ಬೆಳಗ್ಗೆ ಏಳುವಾಗ ಹೀಗಾಯಿತು, ಸಂಕ್ರಾಂತಿಯ ತನಕ ಅಷ್ಟರಲ್ಲೇ ಇದ್ದರು, ಮತ್ತೆ ಒಂದು ಮೆಟ್ಟಿಲು.’ ರಕ್ತದ ಒತ್ತಡ, ಹಿಂದೆ ಹೊಡೆದ ಲಕ್ವ, ಮೈಯ ಒಂದು ಮಗ್ಗುಲಿನ ಬಲಹೀನತೆ, ಇವಕ್ಕೆಲ್ಲ ಅಂಕ ಕೊಟ್ಟು ಕೂಡಿಸುವ ಒಂದು ಪಟ್ಟಿಯನ್ನು ಅವರು ಮಾರನೆಯ ವರ್ಷ ಮಾಡಿದರು. ಒಟ್ಟು ಏಳು ಅಥವಾ ಹೆಚ್ಚಾದರೆ ನಾಳದ ಕಡೆಗೆ ಬೆರಳು. 1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡರ ಯಂತ್ರ ಜೀವಂತ ರೋಗಿಯ ಮೆದುಳಿನ ಚಿತ್ರ ತೆಗೆದ ಮೇಲೆ ಈ ಕೆಲಸ ಕ್ರಮೇಣ ಸುಲಭವಾಯಿತು. ಒತ್ತಡವನ್ನು ಹತೋಟಿಯಲ್ಲಿಟ್ಟರೆ ಮುಂದಿನ ಮೆಟ್ಟಿಲನ್ನು ತಡೆಯುವ ಆಸೆಯಿರುವುದರಿಂದ ಇದನ್ನು ಬೇರೆಯಾಗಿ ಗುರುತಿಸುವುದು ಕೇವಲ ಪಾಂಡಿತ್ಯದ ಮಾತಲ್ಲ.

ಈಗ ಪ್ರಾಗಿಗೆ ಹಿಂದಿರುಗಬೇಕು. ಆಗುಸ್ಟೆ ಆಸ್ಪತ್ರೆಗೆ ಬರುವುದಕ್ಕೆ ಒಂಬತ್ತು ವರ್ಷ ಮೊದಲು, 1892ರಲ್ಲಿ, ಅಲ್ಲಿಯ ಆರ್ನಾಲ್ಡ್ ಪಿಕ್ 71 ವರ್ಷದ ಒಬ್ಬ ರೋಗಿಯನ್ನು ವರ್ಣಿಸಿದ್ದರು. ಆತನ ಮಾತು ವರ್ಷದಿಂದ ವರ್ಷಕ್ಕೆ ಕಳೆದುಹೋಗಿದ್ದಿತು. ಸತ್ತ ಮೇಲೆ ನೋಡಿದರೆ ಮೆದುಳಿನ ಎಡಗಪಾಲದ ಭಾಗ ಮಾತ್ರ ಒಣಗಿದ ಅಂಜೂರದಂತೆ ಮುರುಟಿದೆ. ಮುಪ್ಪು ಮೆದುಳನ್ನೆಲ್ಲ ಸಮನಾಗಿ ಕುಗ್ಗಿಸುತ್ತದೆಂಬ ನಂಬಿಕೆಗೆ ಇದು ಪೆಟ್ಟು. 1911ರಲ್ಲಿ ಇಂಥ ಮೆದುಳನ್ನು ಪರೀಕ್ಷಿಸಿದ ಆಲ್ಜೈಮರೇ, ಇಲ್ಲಿ ನನ್ನ ಮಚ್ಚೆಗಳಿಲ್ಲ, ಬೇರೊಂದು ಬಗೆಯ ಉಂಡೆಗಳಿವೆ ಎಂದು ತೋರಿಸಿದರು. ಆ ವಂಶದ ರೋಗಗಳಿಗೆ ಈಗ ಹಣೆ-ಕಪಾಲದ ಡಿಮೆನ್ಷಿಯಾ ಎಂದು ಹೆಸರು. ಮನೆಯವರನ್ನು ಹೆಚ್ಚು ದಿಕ್ಕುಗೆಡಿಸುವುದು ಇದೇ ಇರಬೇಕು. ಏಕೆಂದರೆ ನೆನಪು ಬಹಳ ಕಾಲ ಗಟ್ಟಿಯಾಗಿಯೇ ಇರುತ್ತದೆ. ಕೆಡುವುದು ನಡತೆ, ಅಥವಾ ಮಾತು. ಜೀವನವೆಲ್ಲ ಸಂಭಾವಿತರಾಗಿದ್ದವರು ಸಭೆಯಲ್ಲಿ ಹೊಲಸು ಮಾತಾಡುತ್ತಾರೆ. ಮಗ್ಗುಲವರ ಎಲೆಯಿಂದ ಸಿಹಿಯನ್ನು ಎತ್ತಿಕೊಳ್ಳುತ್ತಾರೆ. ಹೆಂಡತಿ ಜ್ವರದಿಂದ ಮಲಗಿದ್ದರೆ ಕಾಫಿ ಎಲ್ಲಿ ಎನ್ನುತ್ತಾರೆ. ಐವತ್ತೈದು, ಅರವತ್ತರ ವಯಸ್ಸು. ಅರಳುಮರಳೆಂದು ಹೇಳುವುದಕ್ಕೂ ಆಗುವುದಿಲ್ಲವಾದ್ದರಿಂದ ಜನ ಕೊಬ್ಬು ಎನ್ನುತ್ತಾರೆ. ಇನ್ನು ಮಾತು ಮಾತ್ರ ಮೊದಲು ಕೆಡುವ ಬಗೆಯನ್ನು 1982ರಲ್ಲಿ ಮೆಸುಲಂ ಎಂಬುವರು ಆರು ರೋಗಿಗಳನ್ನು ಮುಂದಿಟ್ಟು ವಿಂಗಡಿಸಿ ತೋರಿಸಿದರು.

ಕೊನೆಗೆ ಲೆವಿ. ಆಲ್ಜೈಮರರ ಮ್ಯೂನಿಕ್ ಪ್ರಯೋಗಶಾಲೆಯಲ್ಲಿ ದುಡಿದ ತರುಣರಲ್ಲೊಬ್ಬರು ಈ ಫ್ರೆಡರಿಕ್ ಲೆವಿ. 1912ರಲ್ಲಿ ಅವರು ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯವರ ಮೆದುಳಿನ ಆಳದ ಕೋಶಗಳಲ್ಲಿ ದುಂಡನೆಯ ಕಣಗಳನ್ನು ಕಂಡರು. 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ, ಯೆಹೂದಿಯಾದುದರಿಂದ ದೇಶ ಬಿಟ್ಟು, ಕೊನೆಗೆ ಅಮೆರಿಕ ಸೇರಿ ಅಲ್ಲಿಯೇ 1950ರಲ್ಲಿ ತೀರಿಕೊಂಡರು. ಆ ಕಣಗಳಿಗೂ ಮರುಳಿಗೂ ಇರುವ ಸಂಬಂಧ ಬೆಳಕಿಗೆ ಬಂದದ್ದು ಜಪಾನಿನಲ್ಲಿ. ಕೆಂಜಿ ಕೊಸಾಕ 1976ರಿಂದ ಒಂದರ ಹಿಂದೊಂದು ವರದಿಗಳಲ್ಲಿ, ಡಿಮೆನ್ಷಿಯಾದಿಂದ ಸತ್ತ ಕೆಲವರ ಮೆದುಳಿನ ಮೇಲ್ಪದರದಲ್ಲೆಲ್ಲ ಲೆವಿಯ ಕಣಗಳು ಹರಡಿರುವುದನ್ನು ತೋರಿಸಿದರು. ಇದು ಜಪಾನೀಯರ ವಿಶೇಷವಿರಬಹುದೆಂಬ ಸಂಶಯ ಬರಬಾರದೆಂಬಂತೆ, ಮ್ಯೂನಿಕ್ಕಿಗೇ ಹೋಗಿ ಜರ್ಮನರ ಮೆದುಳುಗಳಲ್ಲಿಯೂ ಅದನ್ನೇ ಕಂಡು 1979ರಲ್ಲಿ ಪ್ರಕಟಿಸಿದರು. ಯಾವ ಊರಿನ ಪ್ರಯೋಗಶಾಲೆಯಲ್ಲಿ ಲೆವಿ ದುಡಿದಿದ್ದರೋ ಅದೇ ಊರು! ರೋಗವನ್ನು ಹಾಸಿಗೆಯ ಪಕ್ಕದಲ್ಲಿ ಗುರುತಿಸುವ ನಿಯಮಗಳನ್ನು ನ್ಯೂಕಾಸಲ್ಲಿನ ಮೆಕೀತ್ ಮತ್ತು ಅವರ ಜೊತೆಯವರು 1996ರಲ್ಲಿ ಬರೆದರು.

ಆ ನಿಯಮಗಳನ್ನು ಬಹಳ ತಡವಾಗಿ ಓದಿದಾಗ ನಾನು ಬೆಚ್ಚಿಬಿದ್ದೆ. ನನ್ನ ಸೋದರಮಾವ ತುಮಕೂರಿನ ಕಡೆಯ ಹಳ್ಳಿಯವರು, ತೆಂಗಿನ ತೋಟ ಮಾಡಿಕೊಂಡಿದ್ದವರು. ಎಪ್ಪತ್ತೆರಡರ ಸುಮಾರಿಗೆ ಮುಸ್ಸಂಜೆಯ ಹೊತ್ತು ಹಜಾರದ ಕಂಬದ ಬಳಿ ಮಕ್ಕಳು ಕುಳಿತಿರುವುದು ಅವರಿಗೆ ಕಾಣಿಸತೊಡಗಿತು. ಹೆದರಿಕೆಯೇನೂ ಇಲ್ಲ. ‘ಲೇ, ಆ ಹುಡುಗರು ಆಗಿನಿಂದ ಕೂತಿವೆ. ಒಂದೊಂದು ಚಕ್ಕುಲಿಯಾದರೂ ಕೊಡೇ’ ಎಂದು ಅತ್ತೆಗೆ ಹೇಳುತ್ತಿದ್ದರು. ಮಾರನೆಯ ಬೆಳಗ್ಗೆ ಕಾಯಿಯ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಹೇಳುತ್ತಿದ್ದರು. ಮಧ್ಯಾಹ್ನಕ್ಕೆ ಮತ್ತೆ ಮಂಕು. ನಡಿಗೆ ಕಿರಿದಾಗಿ ಪಾದ ಎಳೆಯುತ್ತಿತ್ತು. ಅದಕ್ಕೂ ಎಷ್ಟೋ ವರ್ಷ ಹಿಂದಿನಿಂದ ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತಿದ್ದರು. ಮನೆಯಲ್ಲಿ ಕೆಲವರು ಗಾಳಿ ಎಂದರು, ಉಳಿದವರು ಅರಳುಮರಳು ಎಂದರು. ಪಟ್ಟಣದಲ್ಲಿ ತೋರಿಸಿದಾಗ ಇಲ್ಲದ್ದು ಕಾಣುವುದನ್ನು ನಿಲ್ಲಿಸಲು ಒಂದು ಔಷಧ ಸಿಕ್ಕಿತು. ವಾರ ಕಳೆಯುವುದರೊಳಗೆ ಮಾವ ಕೊರಡಿನಂತೆ ಬಿಗಿದುಹೋದರು. ತುತ್ತನ್ನು ಬಾಯಿಗೆ ಎತ್ತಲಾರದಾದರು. ಮೂರನೆಯ ತಿಂಗಳು ಹೋದರು.

ಕಾಣದ ಮಕ್ಕಳನ್ನೋ ಸಣ್ಣ ಪ್ರಾಣಿಗಳನ್ನೋ ಸ್ಪಷ್ಟವಾಗಿ ಕಾಣುವುದು, ದಿನದೊಳಗೇ ಬುದ್ಧಿ ಏರಿಳಿಯುವುದು, ಪಾರ್ಕಿನ್ಸನ್ನಿನ ಬಿಗಿತ, ಕನಸನ್ನು ನಿದ್ದೆಯಲ್ಲೇ ಆಡಿತೋರಿಸುವುದು, ಇವು ಲೆವಿ ಕಣದ ಡಿಮೆನ್ಷಿಯಾದ ಗುರುತುಗಳು. ಹುಚ್ಚಿಗೆ ಕೊಡುವ ಹಳೆಯ ಔಷಧಗಳು ಇವರಿಗೆ ಪ್ರಾಣಾಂತಿಕವಾಗಬಲ್ಲುವೆಂದು ಮೆಕೀತ್ 1992ರಲ್ಲಿಯೇ ಎಚ್ಚರಿಸಿದ್ದರು. ಅವರು ಪರಿಶೀಲಿಸಿದ ಇಂಥ ರೋಗಿಗಳಲ್ಲಿ ಆ ಔಷಧ ತೆಗೆದುಕೊಂಡ ಬಹುಪಾಲಿನವರಿಗೆ ಕೆಡುಕಾಗಿದ್ದಿತು. ಮಾವನಿಗೆ ಇದ್ದದ್ದು ಅದೇ ಎಂದು ತೀರ್ಪು ಕೊಡುವ ಅಧಿಕಾರ ಕನ್ನಡದ ಮೇಷ್ಟರಿಗಿಲ್ಲ. ಕೊಟ್ಟವರನ್ನು ದೂರುವ ಮನಸ್ಸೂ ಇಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಕಡೆ ಈ ಹೆಸರನ್ನು ಕೇಳಿದವರೇ ಕಡಿಮೆ. ನಾವೂ ನಿದ್ದೆಯ ಕೂಗಾಟದ ಸುದ್ದಿಯನ್ನು ಅವರಿಗೆ ಹೇಳಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯಾರಿಗೆ ಗೊತ್ತು?

ಗುರುತಿಸುವುದಕ್ಕೆ ಮೊದಲ ಸಾಧನ ಇಂದಿಗೂ ಫ್ರಾಂಕ್‌ಫರ್ಟಿನ ಆ ಸಾಧನವೇ: ಎದುರು ಕುಳಿತು ಪ್ರಶ್ನೆ ಕೇಳುವುದು. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿಗಳು ಮತ್ತು ಮೆಕ್‌ಹ್ಯೂ ಇದನ್ನು ಮೂವತ್ತು ಅಂಕದ ಒಂದು ಕಿರುಪರೀಕ್ಷೆಯಾಗಿ ಕಟ್ಟಿದರು. ಇಂದು ಯಾವ ತಾರೀಖು, ಇದು ಯಾವ ಊರು, ಮೂರು ಮಾತುಗಳನ್ನು ನೆನಪಿಡಿ, ನೂರರಿಂದ ಏಳೇಳನ್ನು ಕಳೆಯುತ್ತ ಬನ್ನಿ. ಇಲ್ಲವೇ ಇಂಗ್ಲಿಷಿನಲ್ಲಿ ‘ಪ್ರಪಂಚ’ ಎಂಬ ಅರ್ಥದ ಐದಕ್ಷರದ ಮಾತನ್ನು ಹಿಂದಿನಿಂದ ಹೇಳಿ. ಇದನ್ನು ಕನ್ನಡಕ್ಕೆ ತಂದು ನೋಡಿ. ‘ಪ್ರಪಂಚ’ವನ್ನು ತಿರುಗಿಸಿದರೆ ಚ, ಪಂ, ಪ್ರ, ಮೂರೇ ಹೆಜ್ಜೆ. ಒತ್ತಕ್ಷರವನ್ನು ಒಡೆಯಬೇಕೋ ಬೇಡವೋ ಎಂಬುದನ್ನು ಪಂಡಿತರೇ ತೀರ್ಮಾನಿಸಬೇಕು! ಓದುಬರಹ ಬಾರದ ಅಜ್ಜಿಯ ಗತಿಯೇನು? ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಅವರ ಜೊತೆಯವರು ಇದಕ್ಕೆ ಉತ್ತರ ಹುಡುಕಿ, 1995ರಲ್ಲಿ ಹಿಂದಿಯ ಪರೀಕ್ಷೆಯನ್ನು ಪ್ರಕಟಿಸಿದರು. ಏಳೇಳು ಕಳೆಯುವ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳುವುದು. ವಾಕ್ಯ ಬರೆಯುವ ಬದಲು ನಿಮ್ಮ ಮನೆಯ ವಿಷಯ ಏನಾದರೂ ಹೇಳಿ ಎನ್ನುವುದು. ಓದು ಬಾರದ್ದನ್ನು ಮರೆವೆಂದು ಎಣಿಸಿಬಿಡುವ ತಪ್ಪು ಇದರಿಂದ ತಕ್ಕಮಟ್ಟಿಗೆ ತಪ್ಪಿತು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಐದು ಭಾಷೆಗಳಲ್ಲಿ ಒಂದೇ ಅಳತೆಯ ಪರೀಕ್ಷೆಗಳು ಸಿದ್ಧವಾದವು: ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ, ಕನ್ನಡ. ಹಲವು ನುಡಿಗಳ ನಾಡಿನಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಅಷ್ಟೆ. ಇದನ್ನು ಒಪ್ಪದ ಅಧ್ಯಯನಗಳೂ ಬೇರೆ ದೇಶಗಳಿಂದ ಬಂದಿವೆಯಾದರೂ, ಭಾಷೆಯ ಮೇಷ್ಟರಿಗೆ ಇಷ್ಟಾದರೂ ಸಮಾಧಾನ ಬೇಡವೇ?

ಪ್ರಶ್ನೆ ಕೇಳಿ ಮುಗಿದ ಮೇಲೆ ಒಳ್ಳೆಯ ವೈದ್ಯರು ರಕ್ತ ತೆಗೆಸುತ್ತಾರೆ. ಬಿ-12 ಜೀವಸತ್ವ ಕಡಿಮೆಯಾಗಿದ್ದರೆ, ಥೈರಾಯ್ಡ್ ಗ್ರಂಥಿ ಸೋತಿದ್ದರೆ ಅದೇ ಮಂಕು ಬರುತ್ತದೆ, ಅವಕ್ಕೆ ಮದ್ದುಂಟು. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿ, ವಾರಗಳ ಮೇಲೆ ಮೆದುಳಿನ ಹೊರಗೆ ರಕ್ತ ಹೆಪ್ಪುಗಟ್ಟಿ ಒತ್ತಿದರೂ ಹಾಗೆಯೇ. ಕೊಲಂಬಿಯದ ಹಕೀಂ ಎಂಬ ಶಸ್ತ್ರವೈದ್ಯರು ಅಮೆರಿಕದ ಆ್ಯಡಮ್ಸರೊಡನೆ 1965ರಲ್ಲಿ ವರ್ಣಿಸಿದ ಒಂದು ಬಗೆಯಲ್ಲಿ ಮೆದುಳಿನೊಳಗೆ ನೀರು ತುಂಬಿ, ನಡಿಗೆ, ಮೂತ್ರದ ಹತೋಟಿ, ನೆನಪು ಮೂರೂ ಕೆಡುತ್ತವೆ. ಸಣ್ಣ ಕೊಳವೆಯೊಂದರಿಂದ ಆ ನೀರನ್ನು ಬಸಿದರೆ ಕೆಲವರು ಎದ್ದು ನಡೆಯುತ್ತಾರೆ. ಇವೆಲ್ಲ ಅರಳುಮರಳಿನ ಮುಚ್ಚಳದ ಕೆಳಗೇ ಇವೆ.

ಇಷ್ಟೆಲ್ಲ ವಿಂಗಡಿಸಿದ ಮೇಲೂ ಲೆಕ್ಕ ಸರಿಹೋಗಿಲ್ಲ. ಎಂಬತ್ತು ದಾಟಿದವರ ಮೆದುಳಿನಲ್ಲಿ ಆಲ್ಜೈಮರರ ಮಚ್ಚೆ, ನಾಳದ ಗಾಯ, ಲೆವಿಯ ಕಣ ಎಲ್ಲವೂ ಒಟ್ಟಿಗೆ ಇರುವುದು ಸಾಮಾನ್ಯವೆಂದು ಈಗ ತಿಳಿದಿದೆ. ಮಚ್ಚೆಗಳನ್ನು ಬದುಕಿರುವಾಗಲೇ ಚಿತ್ರದಲ್ಲಿ ಕಾಣುವ ಉಪಾಯ 2004ರಲ್ಲಿ ಪ್ರಕಟವಾಯಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆಲ್ಜೈಮರ್ ರೋಗವನ್ನು ಗುರುತಿಸಲು ನೆರವಾಗುವ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆಯಿತ್ತಿತು. ಮಚ್ಚೆ ಇದೆಯೇ ಎಂಬುದಕ್ಕೆ ಅದು ಉತ್ತರ ಹೇಳೀತು. ಈ ಅಜ್ಜಿಯ ಮರೆವಿಗೆ ಆ ಮಚ್ಚೆಯೊಂದೇ ಕಾರಣವೇ ಎಂಬುದನ್ನು ಎದುರು ಕುಳಿತವರೇ ನಿರ್ಧರಿಸಬೇಕು.

ಆಗುಸ್ಟೆಯ ರೋಗದ ವಿಷಯವೂ ಸಂಶಯಕ್ಕೆ ಹೊರತಾಗಿರಲಿಲ್ಲ. ಆಲ್ಜೈಮರರ ವರದಿಯಲ್ಲಿಯೇ ಆಕೆಯ ದೊಡ್ಡ ರಕ್ತನಾಳಗಳು ಗಡುಸಾಗಿದ್ದ ಮಾತು ಇದ್ದುದರಿಂದ, ಮೊದಲನೆಯ ಆಲ್ಜೈಮರ್ ರೋಗಿಗೆ ಆ ರೋಗವೇ ಇರಲಿಲ್ಲವೇನೋ ಎಂದು ಬರೆದವರಿದ್ದರು. ಕಡತ ಎಂದೋ ಕಳೆದುಹೋಗಿದ್ದಿತು. 1995ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯ ದಾಖಲೆಗಳ ನಡುವೆ ಕೊನ್ರಾಡ್ ಮೌರರ್ ಮತ್ತು ಜೊತೆಯವರಿಗೆ ಅದು ಸಿಕ್ಕಿತು: ಒಂದು ನೀಲಿ ರಟ್ಟಿನ ಕಡತ, ಒಳಗೆ 32 ಹಾಳೆ. ಮೂರು ವರ್ಷದ ಮೇಲೆ, 1998ರಲ್ಲಿ, ಆಕೆಯ ಮೆದುಳಿನ ಮೂಲ ತೆಳುಹಾಳೆಗಳು ಮ್ಯೂನಿಕ್ಕಿನಲ್ಲಿ ಸಿಕ್ಕ ಸುದ್ದಿ ಪ್ರಕಟವಾಯಿತು. ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಮಚ್ಚೆಗಳಿದ್ದವು, ಸಿಕ್ಕುಗಳಿದ್ದವು, ಕಿರುನಾಳಗಳ ರೋಗದ ಗುರುತು ಇರಲಿಲ್ಲ. ಕಡತದೊಳಗಿನ ಒಂದು ಹಾಳೆಯಲ್ಲಿ ಆಗುಸ್ಟೆಯ ಕೈಬರಹವಿದೆ. ಪೂರ್ತಿ ಹೆಸರನ್ನು ಬರೆಯೆಂದು ಹೇಳಿದ್ದರು. ‘ಶ್ರೀಮತಿ’ ಎಂಬ ಅರ್ಥದ ಜರ್ಮನ್ ಮಾತನ್ನು ಬರೆದಳು. ಮುಂದಿನದು ಮರೆತುಹೋಗಿ, ಒಂದೊಂದು ಮಾತನ್ನೂ ಅವರು ಮತ್ತೆ ಹೇಳಿಕೊಡಬೇಕಾಯಿತು.